ತಲೆ ಸವೆದ ಡ್ರೈನ್ ಬೋಲ್ಟ್ ಬಿಚ್ಚಿದ್ದು: ನನ್ನ ಅನುಭವ

ಸೆಕೆಂಡ್ ಹ್ಯಾಂಡ್ ಬೈಕ್ ತಗೊಂಡು ಆಯಿಲ್ ಬದಲಾಯಿಸೋಣ ಅಂತ ಕೆಳಗೆ ನೋಡಿದರೆ, ಡ್ರೈನ್ ಬೋಲ್ಟಿನ, ಅಂದರೆ ಹಳೇ ಆಯಿಲ್ ಹೊರಬಿಡೋಕೆ ಇಂಜಿನ್ ತಳದಲ್ಲಿರೋ ಬೋಲ್ಟಿನ ತಲೆಯಲ್ಲಿ ಮೂಲೆಗಳೇ ಇರಲಿಲ್ಲ. 17 ಮಿಲಿಮೀಟರ್ ತಲೆ. ಹಿಂದೆ ಯಾರೋ ಸರಿ ಹೊಂದದ ಸ್ಪ್ಯಾನರ್ ಹಾಕಿ ಎಳೆದೂ ಎಳೆದೂ ಆರು ಮೂಲೆಯನ್ನೂ ಗುಂಡಗೆ ಮಾಡಿಟ್ಟಿದ್ದರು. ಇಂಥ ಬೋಲ್ಟನ್ನು ನಾನು ಹೇಗೆ ಬಿಚ್ಚಿದೆ, ಯಾವುದು ಕೆಲಸಕ್ಕೆ ಬಂತು, ಯಾವುದು ಬರಲಿಲ್ಲ ಅನ್ನೋದನ್ನ ಬರೆಯುತ್ತೇನೆ.

ಶುರು ಮಾಡೋ ಮುಂಚೆ ಒಂದು ವಿಷಯ ತಲೆಯಲ್ಲಿ ಇಟ್ಟುಕೊಳ್ಳಿ. ಬೋಲ್ಟ್ ಉಕ್ಕಿನದು, ಹೊಸದು ಸುಲಭವಾಗಿ ಸಿಗುತ್ತದೆ. ಅದು ಕೂತಿರೋ ಚೇಂಬರ್, ಅಂದರೆ ಆಯಿಲ್ ಇರೋ ಇಂಜಿನ್ನಿನ ಕೆಳಭಾಗ, ಅಲ್ಯೂಮಿನಿಯಂ. ಅದು ಬಿರುಕು ಬಿಟ್ಟರೆ ಇಂಜಿನ್ನೇ ಬಿಚ್ಚಬೇಕಾಗಬಹುದು. ಹಾಗಾಗಿ ಬೋಲ್ಟ್ ಹೋದರೆ ಹೋಗಲಿ, ಚೇಂಬರ್‌ಗೆ ಮಾತ್ರ ಪೆಟ್ಟು ಬೀಳಬಾರದು ಅನ್ನೋದೇ ನನ್ನ ಲೆಕ್ಕ. ಸ್ಪ್ಯಾನರ್ ಒಂದೊಂದು ಸಲ ಜಾರಿದಾಗಲೂ ತಲೆಯಲ್ಲಿ ಹಿಡಿಯೋಕೆ ಇರೋ ಜಾಗ ಇನ್ನಷ್ಟು ಸವೆಯುತ್ತದೆ, ಅದಕ್ಕೇ ಜಾರುತ್ತಿದೆ ಅಂತ ಕೈಗೆ ಗೊತ್ತಾದ ಕೂಡಲೇ ನಿಲ್ಲಿಸಬೇಕು. ಇನ್ನೊಂದು ಸಲ ನೋಡೋಣ ಅಂತ ಮತ್ತೆ ಎಳೆಯೋದೇ ಬೋಲ್ಟನ್ನು ಪೂರ್ತಿ ಹಾಳು ಮಾಡೋದು.

ತಿರುಗಿಸೋ ದಿಕ್ಕೂ ಖಾತ್ರಿ ಇರಲಿ. ಬೋಲ್ಟಿನ ತಲೆಯನ್ನು ನೇರವಾಗಿ ಎದುರಿಗೆ ನೋಡಿದಾಗ ಎಡಕ್ಕೆ, ಅಂದರೆ ಗಡಿಯಾರದ ಮುಳ್ಳು ತಿರುಗೋದಕ್ಕೆ ಉಲ್ಟಾ. ಸೀಟಿನ ಪಕ್ಕ ನಿಂತು ಮೇಲಿಂದ ಬಗ್ಗಿ ಕೈ ಹಾಕಿದರೆ ಇದು ತಿರುಗುಮುರುಗಾಗಿ ಕಾಣುತ್ತದೆ. ಎಷ್ಟೋ ಬೋಲ್ಟ್‌ಗಳು ಹೀಗೆ ಬಿಚ್ಚಲು ಹೋಗಿಯೇ ಬಿಗಿಯಾಗಿರುತ್ತವೆ. ನಾನು ಮಾರ್ಕರ್ ಪೆನ್ನಿನಲ್ಲಿ ಚೇಂಬರ್ ಮೇಲೆ ಬಾಣ ಬರೆದೆ. ತಲೆಯಿಂದ ಚೇಂಬರ್‌ವರೆಗೆ ಒಂದು ನೇರ ಗೆರೆಯನ್ನೂ ಎಳೆದೆ. ಬೋಲ್ಟ್ ಕೂದಲೆಳೆಯಷ್ಟು ತಿರುಗಿದರೂ ಆ ಗೆರೆ ಮುರಿಯುತ್ತದೆ, ಅಲುಗಿತೋ ಇಲ್ಲವೋ ಅನ್ನೋ ಅನುಮಾನವೇ ಇರಲ್ಲ.

ಆಮೇಲೆ ತಲೆಯ ಸುತ್ತ ಅಂಟಿದ್ದ ಮಣ್ಣು, ಗ್ರೀಸ್ ಎಲ್ಲ ತಂತಿ ಬ್ರಷ್‌ನಲ್ಲಿ ಉಜ್ಜಿ ತೆಗೆದೆ. ಕೊಳೆ ಇದ್ದರೆ ಸಾಕೆಟ್ (ತಲೆಯನ್ನು ಸುತ್ತಲೂ ಮುಚ್ಚಿ ಹಿಡಿಯೋ ಬಟ್ಟಲಿನಂಥ ಸ್ಪ್ಯಾನರ್) ತಲೆಯ ಮೇಲೆ ಪೂರ್ತಿ ಕೂರಲ್ಲ, ಅರ್ಧ ಕೂತಿದ್ದು ಜಾರೇ ಜಾರುತ್ತದೆ. ತುಕ್ಕು ಬಿಡಿಸೋ ಸ್ಪ್ರೇ ಹೊಡೆದು ಕಾಯಿರಿ ಅಂತ ಎಲ್ಲರೂ ಹೇಳುತ್ತಾರೆ. ನಾನೂ ಹೊಡೆದೆ, ಆದರೆ ಇಲ್ಲಿ ಅದರಿಂದ ಜಾಸ್ತಿ ಪ್ರಯೋಜನ ಇಲ್ಲ ಅನ್ನೋದು ನನ್ನ ಅಭಿಪ್ರಾಯ. ಡ್ರೈನ್ ಬೋಲ್ಟಿನ ಥ್ರೆಡ್ ಒಳಗಡೆಯಿಂದ ಆಯಿಲ್‌ನಲ್ಲೇ ಇರುತ್ತದೆ, ತುಕ್ಕು ಹಿಡಿದು ಕಚ್ಚಿಕೊಳ್ಳೋದು ಅಪರೂಪ. ಅದು ಬಿಗಿಯಾಗಿರೋದು ಅತಿಯಾಗಿ ಟೈಟ್ ಮಾಡಿರೋದರಿಂದ. ಹಿಡಿತ ಜಾಸ್ತಿ ಇರೋದು ತಲೆಯ ಕೆಳಗೆ, ವಾಷರ್ ಹತ್ತಿರ.

ಬಿಸಿ ಮಾಡಿದ್ದು ಮಾತ್ರ ಉಪಯೋಗಕ್ಕೆ ಬಂತು. ಅದೇ ಬಿಸಿಗೆ ಅಲ್ಯೂಮಿನಿಯಂ ಉಕ್ಕಿಗಿಂತ ಸುಮಾರು ಎರಡು ಪಟ್ಟು ಹಿಗ್ಗುತ್ತದೆ, ಹಾಗಾಗಿ ಥ್ರೆಡ್ ಸ್ವಲ್ಪ ಸಡಿಲ ಆಗುತ್ತದೆ. ಅದಕ್ಕೆ ಬೆಂಕಿ ಹಚ್ಚೋ ಟಾರ್ಚ್ ಬೇಕಿಲ್ಲ, ಪೆಟ್ರೋಲು, ಆಯಿಲ್ ಪಕ್ಕದಲ್ಲೇ ಇರುವಾಗ ಅದನ್ನು ಹತ್ತಿರಕ್ಕೂ ತರಬೇಡಿ. ಇಂಜಿನ್ ಸ್ವಲ್ಪ ಹೊತ್ತು ಓಡಿಸಿ ಆಫ್ ಮಾಡಿದರೆ ಸಾಕು. ಸೈಲೆನ್ಸರ್ ಪೈಪ್ ಕೈಗೆ ತಾಗದ ಹಾಗೆ ದಪ್ಪ ಗ್ಲೌಸ್ ಹಾಕಿಕೊಳ್ಳಿ.

ಮೊದಲು ಆರು ಮೂಲೆಯ ಸಾಕೆಟ್ ಹಾಕಿದೆ. ಹನ್ನೆರಡು ಮೂಲೆಯ ರಿಂಗ್ ಸ್ಪ್ಯಾನರ್ ಬೋಲ್ಟಿನ ಮೂಲೆಯ ತುದಿಯನ್ನಷ್ಟೇ ಹಿಡಿಯುತ್ತದೆ, ಸವೆದ ತಲೆಗೆ ಅದು ಬೇಡವೇ ಬೇಡ. ಆರು ಮೂಲೆಯದು ಚಪ್ಪಟೆ ಭಾಗವನ್ನು ಹಿಡಿಯುತ್ತದೆ. ಒಂದು ಸೈಜ್ ಚಿಕ್ಕ ಸಾಕೆಟನ್ನು ಸುತ್ತಿಗೆಯಲ್ಲಿ ತಟ್ಟಿ ಕೂರಿಸೋದೂ ಎಷ್ಟೋ ಸಲ ಕೆಲಸ ಮಾಡುತ್ತದೆ. ನನ್ನದರಲ್ಲಿ 17ರದ್ದು ಜಾರಿತು, 16 ಕೂರಲಿಲ್ಲ. ವೈಸ್ ಗ್ರಿಪ್ (ಕಚ್ಚಿಕೊಂಡು ಲಾಕ್ ಆಗೋ ಇಕ್ಕಳ) ಹಾಕೋಣ ಅಂದರೆ ತಲೆಯ ಸುತ್ತ ಚೇಂಬರಿನದೇ ಒಂದು ಅಂಚು ಎದ್ದಿತ್ತು, ಬಾಯಿ ಒಳಗೆ ಹೋಗಲ್ಲ. ಸವೆದ ಬೋಲ್ಟ್ ತೆಗೆಯೋಕೆ ಅಂತಲೇ ಬರೋ, ಒಳಗೆ ಸುರುಳಿ ಹಲ್ಲಿರೋ ಸಾಕೆಟ್‌ಗೂ ಅದೇ ಕಥೆ, ಅದರ ಗೋಡೆ ದಪ್ಪ. ಜಾಗ ಇದ್ದರೆ ನೀವು ಮೊದಲು ಅದನ್ನೇ ಹಾಕಿ.

ಉಳಿದಿದ್ದು ಉಳಿ, ಸುತ್ತಿಗೆ. ಕೇಳೋಕೆ ಒರಟು ಅನಿಸುತ್ತದೆ, ಆದರೆ ಸರಿಯಾಗಿ ಮಾಡಿದರೆ ಇಷ್ಟು ನಂಬಿಕೆಯ ಉಪಾಯ ಇನ್ನೊಂದಿಲ್ಲ. ಅತಿಯಾಗಿ ಟೈಟ್ ಆದ ಬೋಲ್ಟ್ ನಿಧಾನವಾಗಿ ಎಳೆದರೆ ಬಗ್ಗಲ್ಲ, ಪೆಟ್ಟಿಗೆ ಬಗ್ಗುತ್ತದೆ. ಕಣ್ಣಿಗೆ ಕನ್ನಡಕ ಹಾಕಿಕೊಂಡೆ, ಉಳಿ ಜಾರಿದರೆ ಚೇಂಬರ್‌ಗೆ ತಾಗದಿರಲಿ ಅಂತ ಒಂದು ತಗಡಿನ ತುಂಡನ್ನು ಅಡ್ಡ ಇಟ್ಟೆ. ಚೂಪಾದ ಉಳಿಯನ್ನು ತಲೆಯ ಹೊರ ಅಂಚಿನಲ್ಲಿ, ನಡುವಿನಿಂದ ಆದಷ್ಟು ದೂರ ಇಟ್ಟು, ಮೊದಲು ನೇರವಾಗಿ ಹೊಡೆದು ಒಂದು ಕಚ್ಚು ಮಾಡಿದೆ. ಕಚ್ಚು ಆಳ ಆದಮೇಲೆ ಉಳಿಯನ್ನು ಬಾಣದ ದಿಕ್ಕಿಗೆ ಓರೆ ಮಾಡಿ ಹೊಡೆಯುತ್ತಾ ಹೋದೆ. ಮೆಲ್ಲಗೆ ಹತ್ತಾರು ಪೆಟ್ಟು ಹಾಕಿದರೆ ಕಚ್ಚು ಹರಿದುಹೋಗುತ್ತದೆ ಅಷ್ಟೇ. ಭಾರದ ಸುತ್ತಿಗೆ ಹಿಡಿದು ಚುರುಕಾಗಿ, ಗುರಿಯಿಟ್ಟು ಹೊಡೆಯಬೇಕು. ಶುರುವಿನಲ್ಲಿ ಪೆಟ್ಟು ಗಟ್ಟಿಯಾಗಿ ಠಣ್ ಅಂತ ಕೇಳುತ್ತಿತ್ತು. ಒಂದು ಪೆಟ್ಟಿಗೆ ಆ ಸದ್ದು ಮಂಕಾಯಿತು. ಟಾರ್ಚ್ ಬಿಟ್ಟು ನೋಡಿದರೆ ಮಾರ್ಕರ್ ಗೆರೆ ಮುರಿದಿತ್ತು, ವಾಷರಿನ ಸುತ್ತ ದಾರದಷ್ಟು ತೆಳ್ಳಗೆ ಆಯಿಲ್ ಒಸರಿತ್ತು. ಅಲ್ಲಿಂದ ಮುಂದೆ ಸಾಕೆಟ್‌ಗೇ ಬಂತು, ಕೊನೆಗೆ ಬೆರಳಲ್ಲೇ.

ಇದೂ ಆಗದಿದ್ದರೆ ತಲೆಯ ಮೇಲೆ ಒಂದು ನಟ್ ವೆಲ್ಡ್ ಮಾಡಿಸೋದು ಮುಂದಿನ ದಾರಿ, ಬ್ಯಾಟರಿ ವೈರ್ ಬಿಚ್ಚಿಟ್ಟು. ಡ್ರಿಲ್ ಮಾಡೋದು ತೀರಾ ಕೊನೆಗೆ, ಲೋಹದ ಚೂರು ಒಳಗೆ ಬೀಳುತ್ತದೆ. ಅಷ್ಟರಲ್ಲಿ ಆಯಿಲ್ ಬದಲಾಯಿಸಲೇಬೇಕು ಅಂದರೆ ಆಯಿಲ್ ಹಾಕೋ ಬಾಯಿಯಿಂದ ತೆಳು ಪೈಪ್ ಇಳಿಸಿ ಕೈ ಪಂಪಿನಲ್ಲಿ ಎಳೆದು ತೆಗೆಯಬಹುದು. ಪೂರ್ತಿ ಬರಲ್ಲ, ಆದರೂ ತಾತ್ಕಾಲಿಕಕ್ಕೆ ನಡೆಯುತ್ತದೆ.

ಬೋಲ್ಟ್ ಬಂದಮೇಲೆ ನೋಡಿದರೆ ಒಂದು ಹಳೇ ವಾಷರ್ ಅಪ್ಪಚ್ಚಿಯಾಗಿ ಚೇಂಬರ್‌ಗೇ ಅಂಟಿಕೊಂಡಿತ್ತು, ಅದರ ಮೇಲೇ ಇನ್ನೊಂದು ಹಾಕಿದ್ದರು. ಹೀಗಾದರೆ ಆಯಿಲ್ ಸೋರುತ್ತದೆ, ಸೋರುತ್ತೆ ಅಂತ ಮತ್ತೆ ಟೈಟ್ ಮಾಡುತ್ತಾರೆ, ತಲೆ ಸವೆಯೋದು ಹೀಗೇ ಅಲ್ವಾ. ಅಂಟಿದ್ದನ್ನು ಉಗುರಿಗೆ ಸಿಗೋವರೆಗೆ ಎಬ್ಬಿಸಿ ತೆಗೆದು, ಥ್ರೆಡ್ ಒಳಗೆ ಬಟ್ಟೆ ಸುತ್ತಿ ಒರೆಸಿದೆ. ಅದೇ ಅಳತೆಯ, ಅದೇ ಥ್ರೆಡ್ಡಿನ ಹೊಸ ಬೋಲ್ಟನ್ನು ಬರಿ ಬೆರಳಲ್ಲಿ ಕೊನೆವರೆಗೂ ತಿರುಗಿಸಿ ನೋಡಿದೆ. ಎಲ್ಲೂ ತಡೆಯಲಿಲ್ಲ. ತಡೆದರೆ ಸ್ಪ್ಯಾನರ್ ಹಾಕಿ ಬಲವಂತ ಮಾಡಬೇಡಿ, ಥ್ರೆಡ್ ಕ್ಲೀನ್ ಮಾಡಿಸಿ. ಪೂರ್ತಿ ಕಿತ್ತುಹೋಗಿದ್ದರೆ ಹೆಲಿಕಾಯಿಲ್, ಅಂದರೆ ಹೊಸ ಥ್ರೆಡ್ ಆಗಿ ಕೂರೋ ತಂತಿ ಸುರುಳಿ, ಹಾಕಿಸಬಹುದು.

ಹೊಸ ವಾಷರ್ ಹಾಕಿ, ಟಾರ್ಕ್ ರೆಂಚ್‌ನಲ್ಲಿ (ತಿರುಗಿಸೋ ಬಲ ಅಳೆಯೋ ಸ್ಪ್ಯಾನರ್) ಮ್ಯಾನ್ಯುಯಲ್ ಹೇಳಿದಷ್ಟೇ ಟೈಟ್ ಮಾಡಿದೆ. ಎಷ್ಟೋ ಬೈಕ್‌ಗಳಲ್ಲಿ ಇದು 20ರಿಂದ 30 ನ್ಯೂಟನ್ ಮೀಟರ್ ಆಸುಪಾಸು ಇರುತ್ತದೆ, ನಿಮ್ಮದನ್ನು ನೀವೇ ನೋಡಿಕೊಳ್ಳಿ. ಆಯಿಲ್ ತುಂಬಿ, ಇಂಜಿನ್ ಸ್ಟಾರ್ಟ್ ಮಾಡಿ, ಬಿಸಿ ಆದಮೇಲೆ ಬೋಲ್ಟಿನ ಸುತ್ತ ಒಣ ಟಿಶ್ಯೂ ಒತ್ತಿ ನೋಡಿ. ಒಂದು ರೌಂಡ್ ಓಡಿಸಿ ಬಂದು ಆಯಿಲ್ ಲೆವೆಲ್ ಜೊತೆಗೆ ಅದನ್ನೂ ಮತ್ತೊಮ್ಮೆ ನೋಡಿ.