ಎಂ.ಎ. ಆಯಿತು, ಮುಂದೆ? ನೆಟ್, ಕೆ-ಸೆಟ್ ಬರೆಯುವವರಿಗೆ

ನೆಟ್, ಕೆ-ಸೆಟ್ ಎಂದರೆ ಕಾಲೇಜು, ವಿಶ್ವವಿದ್ಯಾಲಯಗಳಲ್ಲಿ ಪಾಠ ಹೇಳಲು ಬರೆಯುವ ಅರ್ಹತಾ ಪರೀಕ್ಷೆಗಳು. ಮೊದಲು ಅಂಕಪಟ್ಟಿ ತೆಗೆದು ನೋಡಿ. ಸಹಾಯಕ ಪ್ರಾಧ್ಯಾಪಕರಾಗಲು ಎಂ.ಎ.ಯಲ್ಲಿ ಶೇ. 55 ಬೇಕು, ಪರಿಶಿಷ್ಟರಿಗೆ, ಕೆನೆಪದರಕ್ಕೆ ಸೇರದ ಹಿಂದುಳಿದ ವರ್ಗದವರಿಗೆ ಶೇ. 50. 54.9 ಇದ್ದರೆ ಅದು 54.9 ಅಷ್ಟೇ, 55 ಆಗುವುದಿಲ್ಲ. ನೆಟ್‌ಗೆ ಕೇಂದ್ರದ ಒಬಿಸಿ ಪಟ್ಟಿಯ ಪ್ರಮಾಣಪತ್ರವೇ ಬೇಕು. ರಾಜ್ಯದ 2ಎ, 3ಬಿ ಪತ್ರ ಹಿಡಿದು ಹೋದವರು ಅಲ್ಲಿ ಎಡವುತ್ತಾರೆ.

ಪರೀಕ್ಷೆ 3 ಗಂಟೆ. ಎಲ್ಲರಿಗೂ ಒಂದೇ ಆದ ಮೊದಲ ಪತ್ರಿಕೆಗೆ 50 ಪ್ರಶ್ನೆ, ನಿಮ್ಮ ವಿಷಯದ ಎರಡನೆಯದಕ್ಕೆ 100, ತಲಾ 2 ಅಂಕ. ತಪ್ಪು ಉತ್ತರಕ್ಕೆ ಅಂಕ ಕಳೆಯುವುದಿಲ್ಲ, ಹಾಗಾಗಿ ಒಂದನ್ನೂ ಖಾಲಿ ಬಿಡಬೇಡಿ. ಸಾಹಿತ್ಯ, ಇತಿಹಾಸ ಓದಿದವರು ಸೋಲುವುದು ಬಹುತೇಕ ಮೊದಲ ಪತ್ರಿಕೆಯಲ್ಲೇ: ಶೇಕಡಾವಾರು ಲೆಕ್ಕ, ದತ್ತಾಂಶ ವಿಶ್ಲೇಷಣೆ, ತರ್ಕ. ಹಳೆಯ ಪ್ರಶ್ನೆಪತ್ರಿಕೆ ಇಟ್ಟುಕೊಂಡು ದಿನಕ್ಕೊಂದು ಗಂಟೆ ಇದಕ್ಕೇ ಕೊಡಿ. ಶೇ. 40 ಬಂದರೆ ಪಾಸು ಎಂಬುದು ದೊಡ್ಡ ತಪ್ಪು ತಿಳಿವಳಿಕೆ. ಅದು ಸಾಮಾನ್ಯ ವರ್ಗದವರ ಕನಿಷ್ಠ ಅಂಕ, ಆಯ್ಕೆ ಪೈಪೋಟಿಯ ಮೇಲೆ.

ನೆಟ್ ದೇಶಕ್ಕೆಲ್ಲ ನಡೆಯುತ್ತದೆ, ಕೆ-ಸೆಟ್ ಕರ್ನಾಟಕಕ್ಕೆ ಮಾತ್ರ. ಎರಡನ್ನೂ ಬರೆಯಿರಿ, ಓದು ಹೇಗೂ ಒಂದೇ. ಪಾಸಾದರೂ ಕೈಗೆ ಸಿಗುವುದು ಅರ್ಹತೆ, ನೌಕರಿಯಲ್ಲ. ಪಿಯು ಉಪನ್ಯಾಸಕ ಹುದ್ದೆಯ ಆಸೆಯಿದ್ದರೆ ಬಿ.ಇಡಿ. ಮುಗಿಸಿಕೊಳ್ಳಿ. ಅನುವಾದ, ಕರಡು ತಿದ್ದುವ ಕೆಲಸಕ್ಕೆ ಪದವಿಗಿಂತ ಮೂರು ಪುಟದ ಮಾದರಿ ಹೆಚ್ಚು ಮಾತಾಡುತ್ತದೆ.