ದಿನಕ್ಕೆ ಹತ್ತು ಬುಟ್ಟಿ ಮಣ್ಣು: ನನ್ನ ಅನುಭವ

2021ರ ಜುಲೈ, ಯಲ್ಲಾಪುರದ ಕಳಚೆಯಲ್ಲಿ ಗುಡ್ಡ ಕುಸಿದ ಅದೇ ಮಳೆ. ಶಿರಸಿ ಘಟ್ಟದಂಚಿನ ನಮ್ಮ ಅಡಿಕೆ ತೋಟದ ಮೇಲೂ ಧರೆ, ಅಂದರೆ ಗುಡ್ಡದ ಕಡಿದಾದ ಅಂಚು, ಜರಿದು ಬಿತ್ತು. ಸುಮಾರು ಎಂಟು ಗುಂಟೆ ಮಣ್ಣಿನಡಿ ಹೋಯಿತು. ತೋಟಕ್ಕೆ ಜೆಸಿಬಿ ಇಳಿಯುವ ದಾರಿ ಇಲ್ಲ. ಆಳು ಹಚ್ಚೋಣ ಅಂದರೆ ಲೆಕ್ಕ ಎರಡು ಲಕ್ಷ ದಾಟುತ್ತಿತ್ತು, ಸೊಸೈಟಿ ಸಾಲ ಮೊದಲೇ ತಲೆ ಮೇಲಿತ್ತು.

ಮೊದಲು ಆವೇಶದಲ್ಲಿ ನಾನೇ ಮಣ್ಣು ಹೊರಲು ಶುರು ಮಾಡಿದೆ. ನಾಲ್ಕಕ್ಕೆ ಏಳುವುದು, ದಿನಕ್ಕೆ ನೂರು ಬುಟ್ಟಿ. ಎಂಟನೇ ದಿನ ಸೊಂಟ ಹಿಡಿಯಿತು. ಔಷಧಿಗೆ ಮೂರು ಸಾವಿರದಷ್ಟು ಹೋಯಿತು, ಆಮೇಲೆ ಎರಡು ತಿಂಗಳು ತೋಟದ ಕಡೆ ಮುಖ ಹಾಕಲಿಲ್ಲ. ಆ ಎರಡು ತಿಂಗಳು ನನಗೆ ಧರೆ ಬಿದ್ದದ್ದಕ್ಕಿಂತ ಕಷ್ಟ ಆಗಿತ್ತು. ರಾತ್ರಿ ನಿದ್ದೆ ಇಲ್ಲ, ಹಗಲು ಯಾರ ಹತ್ತಿರವೂ ಮಾತು ಬೇಡ.

ದೀಪಾವಳಿ ಆದ ಮೇಲೆ ನಿಯಮ ಬದಲಿಸಿದೆ. ಬೆಳಿಗ್ಗೆ ತೆಳ್ಳೇವು (ತೆಳು ದೋಸೆ) ತಿನ್ನುವ ಮೊದಲು ಹತ್ತು ಬುಟ್ಟಿ, ಅಷ್ಟೇ. ಮೈ ಸರಿ ಇಲ್ಲದ ದಿನ ಬುಟ್ಟಿ ಅರ್ಧ ತುಂಬಬಹುದು, ಆದರೆ ಎಣಿಕೆ ಹತ್ತಾಗಲೇಬೇಕು. ನನ್ನ ಮಟ್ಟಿಗೆ ಗುಟ್ಟು ಇರುವುದೇ ಇಲ್ಲಿ. ನೂರು ಅಂದರೆ ಮನಸ್ಸು ನೆಪ ಹುಡುಕುತ್ತದೆ, ಹತ್ತಕ್ಕೆ ನೆಪ ಹೇಳಲು ಅದಕ್ಕೇ ನಾಚಿಕೆ ಆಗುತ್ತದೆ. ಮಳೆಗಾಲದಲ್ಲಿ ಕಂಬಳಿಕೊಪ್ಪೆ (ತಲೆ ಮೇಲಿಂದ ಹೊದೆಯುವ ಕಂಬಳಿ) ಹಾಕಿಕೊಂಡು ಹೊತ್ತಿದ್ದೇನೆ, ಮಗಳ ಮದುವೆ ದಿನ ಬೆಳಗಿನ ಜಾವವೂ ಹೊತ್ತಿದ್ದೇನೆ.

"ತಮಾ, ಹತ್ತು ಬುಟ್ಟಿಗೆಲ್ಲ ಗುಡ್ಡ ಕರಗ್ತಾ?" ಅಂತ ದೊಡ್ಡಪ್ಪ ಕೇಳಿದ್ದರು. ಭಾವ ತೋಟ ಮಾರು ಅಂದಿದ್ದ. ಬುಟ್ಟಿಗೆ ಹದಿನೈದು ಕೇಜಿ ಹಿಡಿದರೂ ದಿನಕ್ಕೆ ಒಂದೂವರೆ ಕ್ವಿಂಟಲ್ ಆಗುತ್ತದೆ, ವರ್ಷಕ್ಕೆ ಐವತ್ತೈದು ಟನ್ ಹತ್ತಿರ. ಅವರು ಈ ಲೆಕ್ಕ ಹಾಕಿರಲಿಲ್ಲ.

ಒಂದು ತಪ್ಪು ಮಾಡಿದೆ. ಮೊದಲು ಅಂಚಿನಿಂದ ತೆಗೆಯುತ್ತಾ ಬಂದೆ, ಅಷ್ಟರಲ್ಲಿ ಬುಡ ಹೂತುಹೋಗಿದ್ದ ಮೂವತ್ತು ಚಿಲ್ಲರೆ ಮರ ಹಳದಿಯಾಗಿ ಸತ್ತವು. ಮರದ ಬುಡ ಮೊದಲು ಬಿಡಿಸಬೇಕಿತ್ತು, ಆಮೇಲೆ ಬಸಿಗಾಲುವೆ (ನೀರು ಬಸಿದು ಹೋಗುವ ಕಾಲುವೆ). ತೆಗೆದ ಮಣ್ಣನ್ನು ಸುಮ್ನೆ ಎಸೆಯಲಿಲ್ಲ. ಕೆಳಗಿನ ತೋಟಕ್ಕೆ ಹೊಸ ಮಣ್ಣು ಹಾಕಿದ ಹಾಗಾಯಿತು, ಹೊರಗಿಂದ ಲೋಡ್ ತರಿಸುವ ಖರ್ಚು ಉಳಿಯಿತು.

ನಡುವೆ ಬೇರೆಯದನ್ನೂ ಪ್ರಯತ್ನಿಸಿದೆ. ಹಳ್ಳದ ತಣ್ಣೀರು ಸ್ನಾನ ಒಂದು ತಿಂಗಳು ಮಾಡಿದೆ, ನೆಗಡಿ ಬಂತು, ಬಿಟ್ಟೆ. ಕವಳ (ತಂಬಾಕು ಹಾಕಿದ ಎಲೆಯಡಿಕೆ) ಬಿಡಲು ಹೋಗಿ ಮೂರು ಸಲ ಸೋತಿದ್ದೆ. ಹತ್ತು ಬುಟ್ಟಿ ಆಗುವ ತನಕ ಕವಳ ಇಲ್ಲ ಅಂತ ಶುರು ಮಾಡಿ, ಆ ಹೊತ್ತನ್ನು ವಾರಕ್ಕೆ ಅರ್ಧ ಗಂಟೆಯಂತೆ ಮುಂದೆ ದೂಡಿದೆ. ಆರು ತಿಂಗಳಿಗೆ ರಾತ್ರಿ ಊಟದ ನಂತರದ ಒಂದೇ ಕವಳ ಉಳಿಯಿತು, ಕೊನೆಗೆ ಅದೂ ಹೋಯಿತು. ತಂಬಾಕಿಗೆ ಹೋಗುತ್ತಿದ್ದ ತಿಂಗಳ ಐದಾರು ನೂರು ಈಗ ಸಾಲದ ಕಂತಿಗೆ ಸೇರುತ್ತದೆ.

2024ರ ಜನವರಿ ಹೊತ್ತಿಗೆ ಮಣ್ಣು ಮುಗಿಯಿತು. ಆ ವರ್ಷದ ಮಳೆಗಾಲದಲ್ಲೇ ಅರವತ್ತು ಅಡಿಕೆ ಸಸಿ ನೆಟ್ಟೆ. ದೊಡ್ಡಪ್ಪ ಕೋಲು ಊರಿಕೊಂಡು ತೋಟಕ್ಕೆ ಇಳಿದು ಬಂದರು, ಒಂದೊಂದೇ ಸಸಿ ಮುಟ್ಟಿ ನೋಡಿದರು, ಏನೂ ಮಾತಾಡಲಿಲ್ಲ. ಈಗ ಧರೆ ಮತ್ತೆ ಜರಿಯದಂತೆ ಅಲ್ಲಿ ಲಾವಂಚ ನೆಡುತ್ತಿದ್ದೇನೆ, ದಿನಕ್ಕೆ ಹತ್ತು ಬುಡ.