ಗೋಡೆಯ ಶೀತಕ್ಕೆ ಹಿತ್ತಿಲಿನ ಮಣ್ಣೇ ಕಾರಣ

ಮೂಡಿಗೆರೆಯಿಂದ ಕೊಟ್ಟಿಗೆಹಾರದ ಕಡೆಗಿರುವ ಹಳೆಯ ಮನೆಗಳಲ್ಲಿ ಹೆಚ್ಚಿನವು ಗುಡ್ಡದ ಇಳಿಜಾರನ್ನು ಕಡಿದು ಕಟ್ಟಿದಂಥವು. ಮುಂದೆ ಅಂಗಳ, ಹಿಂದೆ ದರೆ, ಅಂದರೆ ಗುಡ್ಡ ಕಡಿದಾಗ ಉಳಿದ ಕಡಿದಾದ ಮಣ್ಣಿನ ಬದಿ. ನಮ್ಮದೂ ಹಾಗೆಯೇ: ಕಾಡುಗಲ್ಲಿನ ಪಾಯ, 18 ಅಂಗುಲದ ಮಣ್ಣಿನ ಗೋಡೆ, ಮಂಗಳೂರು ಹೆಂಚು. ಪ್ರತಿ ಮಳೆಗಾಲಕ್ಕೂ ದರೆ ಜರಿದು, ಅದಕ್ಕೆ ತರಗೆಲೆ, ಬಚ್ಚಲ ಒಲೆಯ ಬೂದಿ ಸೇರಿ ಹಿತ್ತಿಲು ತಲೆಮಾರಿನಿಂದ ತಲೆಮಾರಿಗೆ ಏರುತ್ತಲೇ ಬಂದಿತ್ತು. ಹಿಂದಿನ ಕೋಣೆಯ ಗೋಡೆ ಜೂನ್‌ನಲ್ಲಿ ಒದ್ದೆಯಾದರೆ ದೀಪಾವಳಿ ಕಳೆದರೂ ಆರುತ್ತಿರಲಿಲ್ಲ. ಕಾಫಿ ಮೂಟೆಗಳಿಗೆ ಬೂಷ್ಟು, ಬಾಗಿಲ ಚೌಕಟ್ಟಿನ ಬುಡಕ್ಕೆ ಗೆದ್ದಲು.

ಒಳಗಿನಿಂದ ವಾಟರ್‌ಪ್ರೂಫ್ ಬಣ್ಣ ಬಳಿಯಿರಿ ಎಂದವರೇ ಬಹಳ. ನನಗೆ ಒಪ್ಪಿಗೆಯಾಗಲಿಲ್ಲ. ನೀರು ಎಲ್ಲಿಂದ ಬರುತ್ತಿದೆ ಎಂದು ತಿಳಿಯದೆ ಅದರ ದಾರಿ ಮುಚ್ಚಿದರೆ ಅದು ಇನ್ನಷ್ಟು ಮೇಲಕ್ಕೆ ಏರುತ್ತದೆ. ಮೊದಲು ಹೆಂಚು ನೋಡಿದೆ, ಸೋರಿಕೆ ಇರಲಿಲ್ಲ. ಗೋಡೆಗೆ ಒಂದು ಪ್ಲಾಸ್ಟಿಕ್ ಹಾಳೆ ಅಂಟಿಸಿ ಅಂಚುಗಳಿಗೆ ಟೇಪ್ ಹಾಕಿದೆ. ಹನಿ ಕೋಣೆಯ ಕಡೆ ಕಟ್ಟಿದರೆ ಅದು ಗಾಳಿಯ ತೇವ, ಹಾಳೆಯ ಹಿಂದೆ ಕಟ್ಟಿದರೆ ಗೋಡೆಯದು. ನಮ್ಮಲ್ಲಿ ಹಿಂದೆಯೇ ಕಟ್ಟಿತ್ತು. ನೀರು ತುಂಬಿದ ಪಾರದರ್ಶಕ ಟ್ಯೂಬ್ ಹಿಡಿದು ಮಟ್ಟ ನೋಡಿದಾಗ ಹಿತ್ತಿಲಿನ ನೆಲ ಕೋಣೆಯ ನೆಲಕ್ಕಿಂತ ಒಂದು ಅಡಿಗೂ ಹೆಚ್ಚು ಮೇಲಿತ್ತು. ಅಂದರೆ ಪಾಯದ ಕಲ್ಲಲ್ಲ, ಮಣ್ಣಿನ ಗೋಡೆಯೇ ಒದ್ದೆ ಮಣ್ಣಿಗೆ ಒರಗಿ ನಿಂತಿತ್ತು.

ಅಡಿಕೆ ತೋಟದಲ್ಲಿ ಬೇರಿಗೆ ನೀರು ನಿಲ್ಲದಂತೆ ಬಸಿಗಾಲುವೆ ತೆಗೆಯುತ್ತೇವಲ್ಲ, ಗೋಡೆಗೂ ಬೇಕಾದದ್ದು ಅದೇ. ಮಣ್ಣು ಗಟ್ಟಿಯಾಗಿರುವ ಫೆಬ್ರವರಿಯಲ್ಲಿ ಕೆಲಸ ಹಿಡಿದೆವು. ಈ ಕೆಲಸದಲ್ಲಿ ಅವಸರ ಅಪಾಯ. ಹಳೆಯ ಗೋಡೆಯ ಬುಡವನ್ನು ಉದ್ದಕ್ಕೂ ಒಂದೇ ಸಲ ತೆರೆದರೆ ಅದು ವಾಲಬಹುದು. ಆದ್ದರಿಂದ ನಾಲ್ಕು ಅಡಿ ಅಗೆದು, ನಾಲ್ಕು ಅಡಿ ಬಿಟ್ಟು, ಮೊದಲ ತುಂಡುಗಳನ್ನು ಮುಗಿಸಿ ಆಮೇಲೆ ನಡುವಿನವುಗಳಿಗೆ ಕೈ ಹಾಕಿದೆವು. ಪಾಯದ ತಳದವರೆಗೆ ಯಾರೂ ಇಳಿಯಬಾರದೆಂದು ಮೇಸ್ತ್ರಿಗೆ ಕಟ್ಟುನಿಟ್ಟಾಗಿ ಹೇಳಿದ್ದೆ. ಕೋಣೆಯ ನೆಲಕ್ಕಿಂತ ಅರ್ಧ ಅಡಿ ಕೆಳಗೆ ಹೊರಗಿನ ನೆಲ ಬಂದರೆ ಸಾಕು. ಗೋಡೆಯಿಂದ ಮೂರು ಅಡಿ ಅಗಲಕ್ಕೆ ಹಾಗೆ ಇಳಿಸಿ, ದರೆಯ ಕಡೆ ಸಿಮೆಂಟ್ ಹಾಕದೆ ಕಲ್ಲಿನ ತಡೆಗೋಡೆ ಪೇರಿಸಿದೆವು. ಸಿಮೆಂಟ್ ಇದ್ದಿದ್ದರೆ ಗುಡ್ಡದ ಜಲ ಹಿಂದೆಯೇ ನಿಂತು ಗೋಡೆಯನ್ನು ತಳ್ಳುತ್ತಿತ್ತು. ಈಗ ಅದು ಕಲ್ಲುಗಳ ಸಂದಿಯಲ್ಲಿ ತಾನಾಗಿ ಜಿನುಗುತ್ತದೆ.

ಆ ತಡೆಗೋಡೆಯ ಬುಡದಲ್ಲಿ, ಮನೆಯ ಪಾಯಕ್ಕೆ ತಾಗದಂತೆ, ತೂತಿನ ಪಿವಿಸಿ ಪೈಪ್ ಇಟ್ಟೆವು. ತೂತುಗಳು ಕೆಳಮುಖವಾಗಿರಬೇಕು, ನೂರು ಅಡಿಗೆ ಒಂದು ಅಡಿಯಾದರೂ ಇಳಿಜಾರು ಇರಬೇಕು. ಸುತ್ತ 20 ಮಿ.ಮೀ. ಜಲ್ಲಿ, ಅದರ ಹೊರಗೆ ಮಣ್ಣು ನುಗ್ಗದಂತೆ, ನೀರನ್ನಷ್ಟೇ ಒಳಬಿಡುವ ಜಿಯೋಟೆಕ್ಸ್‌ಟೈಲ್ ಬಟ್ಟೆ. ತುದಿಯನ್ನು ಕೆಳಗಿನ ತೋಟಕ್ಕೆ ಬಿಟ್ಟು ಇಲಿ ಹೋಗದಂತೆ ಜಾಲರಿ ಕಟ್ಟಿದೆವು. ಸೂರಿನ ನೀರನ್ನು ಮಾತ್ರ ಈ ಪೈಪಿಗೆ ಸೇರಿಸಲೇಬಾರದು. ನಮ್ಮ ಕಡೆಯ ಜುಲೈ ಮಳೆಗೆ ಅದು ಉಕ್ಕಿ ಮತ್ತೆ ಪಾಯಕ್ಕೇ ನೀರುಣಿಸುತ್ತದೆ. ಅದಕ್ಕೆ ಬೇರೆ ತಗಡಿನ ದೋಣಿ, ಬೇರೆ ಕಾಲುವೆ.

ಒಳಗಡೆ, ಹಿಂದೆ ಯಾರೋ ಮಾಡಿಸಿದ್ದ ಸಿಮೆಂಟ್ ಗಿಲಾವನ್ನು ಒದ್ದೆಯ ಗುರುತಿಗಿಂತ ಒಂದು ಅಡಿ ಮೇಲಿನವರೆಗೆ ಕಿತ್ತೆವು. ಬಿಳಿಯಾಗಿ ಅರಳಿದ್ದ ಉಪ್ಪನ್ನು ಒಣ ಬ್ರಷ್‌ನಿಂದ ಉಜ್ಜಿ ಹೊರಗೆ ಚೆಲ್ಲಿದೆವು. ತೊಳೆದರೆ ಉಪ್ಪು ಕರಗಿ ಮರಳಿ ಗೋಡೆಯೊಳಗೇ ಸೇರುತ್ತದೆ. ದಪ್ಪ ಗೋಡೆ ಒಣಗಲು ಅಂಗುಲಕ್ಕೆ ಒಂದು ತಿಂಗಳು ಎಂಬ ಲೆಕ್ಕವಿದೆ. ಆ ತಾಳ್ಮೆ ಬೇಕೇ ಬೇಕು. ಹಾಗಾಗಿ ಒಂದು ಮಳೆಗಾಲವನ್ನು ಗಿಲಾವಿಲ್ಲದೆಯೇ ಕಳೆದು, ಮುಂದಿನ ಬೇಸಿಗೆಯಲ್ಲಿ ಒಂದು ಪಾಲು ಸುಣ್ಣಕ್ಕೆ ಮೂರು ಪಾಲು ಮರಳಿನ ಗಾರೆ ಮೆತ್ತಿಸಿ ಸುಣ್ಣ ಬಳಿದೆವು. ಸುಣ್ಣದ ಗಾರೆಯಲ್ಲಿ ಗೋಡೆ ಉಸಿರಾಡುತ್ತದೆ, ಉಳಿದ ತೇವ ಹೊರಬೀಳುತ್ತದೆ.

ಬಚ್ಚಲು ಅಂಟಿಕೊಂಡಿರುವ ಮೂಲೆಯಲ್ಲಿ ಅಗೆಯಲು ಜಾಗವಿಲ್ಲ, ಅಲ್ಲಿ ಈಗಲೂ ಸ್ವಲ್ಪ ತೇವವಿದೆ. ಉಳಿದ ಗೋಡೆ ಆಗಸ್ಟ್‌ನಲ್ಲೂ ಕೈಗೆ ಒಣಗಿಯೇ ಇರುತ್ತದೆ. ಪ್ರತಿ ಮೇ ತಿಂಗಳಲ್ಲಿ ಜರಿದ ಮಣ್ಣು, ತರಗೆಲೆ ಎತ್ತಿ, ಪೈಪಿನ ಮೇಲ್ತುದಿಯಲ್ಲಿ ಒಂದು ಕೊಡ ನೀರು ಸುರಿದು ತೋಟದ ತುದಿಯಲ್ಲಿ ಬರುತ್ತದೆಯೇ ಎಂದು ನೋಡುತ್ತೇವೆ.